ಸಾವಿನ ಮನೆಗೆ ಡ್ರಮ್ಮು ನೀರು

ನಮ್ಮ ಬೀದಿಯಲ್ಲಿ ನೀರಿಗೆ ಎಂಥ ಹಾಹಾಕಾರವೆಂದರೆ, ಕಾಗೆಗಳು ಕೂಡ ಸ್ವಂತ ಬಾಟಲಿ ಹಿಡಿದು ಬರುತ್ತಿದ್ದವು. ವಾರಕ್ಕೊಂದು ಟ್ಯಾಂಕರ್, ಮನೆಗೆ ಎರಡೇ ಕೊಡ. ಸಾವಾದ ಮನೆಗೆ ಮಾತ್ರ, ಸ್ನಾನಕ್ಕೆಂದು, ಡ್ರಮ್ಮು ತುಂಬಾ. ಈ ನಿಯಮದ ಬೆಲೆ ತಿಳಿದ ಬುದ್ಧಿವಂತ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ.

"ಅಜ್ಜಿ, ಒಂದರ್ಧ ಗಂಟೆ ಸಾಯ್ತೀಯಾ?"

"ತಲೆಗೆ ನೀರು ಹಾಕ್ಕೊಂಡು ತಿಂಗಳಾಯ್ತು ಕಣೋ. ಬೇಕಾದ್ರೆ ಸಂಜೆವರೆಗೂ ಸಾಯ್ತೀನಿ. ಆದ್ರೆ ಮೊದಲನೇ ಬಕೆಟ್ಟು ನಂದು."

ಅಜ್ಜಿಯನ್ನು ಚಾಪೆಯ ಮೇಲೆ ಮಲಗಿಸಿ, ಬಿಳಿ ಪಂಚೆ ಹೊದಿಸಿ, ತಲೆಯ ಬಳಿ ದೀಪ ಹಚ್ಚಿಟ್ಟು, ಪಕ್ಕದೂರಿನ ನಾಯಿಗಳೂ ಓಗೊಡುವಂತೆ ಅತ್ತೆ. ಟ್ಯಾಂಕರಿನವನು ಕಣ್ಣೊರೆಸಿಕೊಳ್ಳುತ್ತಲೇ ಪೈಪು ಎಳೆದು ಡ್ರಮ್ಮು ತುಂಬಿಸಿದ. ನೀರು ಅಂಚು ಮುಟ್ಟಿದಾಗ ಅಳುವಿನ ನಡುವೆ ನಗು ತಡೆಯುವುದೇ ಕಷ್ಟವಾಯಿತು.

ಅಷ್ಟರಲ್ಲಿ ಇಡೀ ಬೀದಿ ಒಳಗೆ ನುಗ್ಗಿತು. ಎದುರುಮನೆಯ ಪುಟ್ಟಗೌರಮ್ಮ ಅಜ್ಜಿಯ ಕಾಲು ಹಿಡಿದು ಗೋಳಾಡಿದರು. ಅವರ ಹಿಂದೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟಿದರು. ಮುಟ್ಟಿದವರು ಯಾರೂ ಕದಲಲಿಲ್ಲ.

"ಬಂದಿದ್ದು ದೊಡ್ಡ ಉಪಕಾರ, ಇನ್ನು ಹೊರಡಿ," ಎಂದೆ.

"ಹೊರಡೋದು ಎಲ್ಲಿಗಪ್ಪಾ?" ಪುಟ್ಟಗೌರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಡ್ರಮ್ಮಿನ ಮುಚ್ಚಳ ತೆಗೆದರು. "ಹೆಣ ಮುಟ್ಟಿದ್ದೀವಿ, ಸ್ನಾನ ಮಾಡ್ದೆ ಮನೆಯೊಳಕ್ಕೆ ಕಾಲಿಡೋಕಾಗುತ್ತಾ? ನಡೀರಿ, ಎಲ್ರೂ ಸಾಲಾಗಿ ನಿಂತ್ಕೊಳ್ರಿ!"