ದಬ್ ಎಂದ ದೋಣಿ

"ಸತ್ತಿದೆ! ಹಾಕು ಗುರುತು!" ಎಂದು ಸುತ್ತಿಗೆ ಮಾವ ಕೂಗಿದ ಅಬ್ಬರಕ್ಕೆ ದಲ್ಲಾಳಿಯ ಕೈಯಲ್ಲಿದ್ದ ಕಾಫಿ ಅವನ ಕೋಟಿನ ಮೇಲೆ ಚೆಲ್ಲಿತು.

ಮಾರಾಟಕ್ಕಿದ್ದದ್ದು ಐವತ್ತಡಿಯ ಹಾಯಿದೋಣಿ. ನೀರಿನಿಂದೆತ್ತಿ, ರಿಪೇರಿ ಅಂಗಳದಲ್ಲಿ ಕಬ್ಬಿಣದ ಕಾಲುಗಳ ಆಸರೆ ಕೊಟ್ಟು ನಿಲ್ಲಿಸಿದ್ದರು. ಒಳಗೆ ತೊಗಲಿನ ಸೋಫಾ, ಎರಡು ಸ್ನಾನದ ಮನೆ, ಬಟನ್ ಒತ್ತಿದರೆ ತಾನಾಗಿ ಬಿಚ್ಚಿಕೊಳ್ಳುವ ಹಾಯಿ. ಗಾಳಿ ಸಿಕ್ಕರೆ ಪಂದ್ಯದ ದೋಣಿಗಳನ್ನೂ ಹಿಂದೆ ಹಾಕುವ ಮೈಕಟ್ಟು. ಗಂಡ ಮಕ್ಕಳನ್ನು ಕೂರಿಸಿಕೊಂಡು ಸಮುದ್ರ ದಾಟಬೇಕೆಂದಿದ್ದ ಡಾಕ್ಟರಮ್ಮ, "ಸುತ್ತಿಗೆ ಮಾವ ಹೂಂ ಅಂದ್ರೆ ಮಾತ್ರ ತಗೋತೀನಿ" ಎಂದು ಹೇಳಿ ಕಳಿಸಿದ್ದರು.

ಪುಟ್ಟ ಸುತ್ತಿಗೆಯಿಂದ ದೋಣಿಯ ಮೈ ಬಡಿದು ಕೇಳುವುದು ಅವನ ಕಸುಬು. ಗಟ್ಟಿಯಿದ್ದರೆ ಟಣ್ ಎನ್ನಬೇಕು. ನೀರು ಕುಡಿದು ಒಳಪದರ ಕೊಳೆತಿದ್ದರೆ ದಬ್. ಇಪ್ಪತ್ತೆಂಟು ವರ್ಷದಲ್ಲಿ ಅವನ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಹೋದ ತಿಂಗಳು ಸ್ವಂತ ಅಣ್ಣ ಹನ್ನೊಂದು ವರ್ಷ ಕೈಯಾರೆ ಕಟ್ಟಿದ ದೋಣಿಗೂ ಮುಲಾಜಿಲ್ಲದೆ "ಸತ್ತಿದೆ" ಅಂದುಬಿಟ್ಟಿದ್ದ. ಅಣ್ಣ ತುಟಿ ಪಿಟಕ್ಕೆನ್ನದೆ ಗರಗಸ ತರಿಸಿ ಕೊಯ್ದು ಹಾಕಿದ್ದ. ಕೊಯ್ಯುವಾಗ ಅಣ್ಣನ ಮುಖ ನೋಡಲಾರದೆ ಸುತ್ತಿಗೆ ಮಾವ ಸಮುದ್ರದ ಕಡೆ ತಿರುಗಿ ನಿಂತಿದ್ದ. ಆಮೇಲೆ ಶೆಡ್ಡಿನ ಹಿಂದಿನ ಆ ಮೂಲೆಗೆ ಕಾಲೇ ಇಟ್ಟಿರಲಿಲ್ಲ.

ದಬ್. "ಇಲ್ಲೂ ಸತ್ತಿದೆ!" ದಬ್. "ಅಯ್ಯೋ, ಇಲ್ಲೂ!" ಮೂತಿಯಿಂದ ಹಿಂಬದಿಯವರೆಗೆ ಎಲ್ಲಿ ಬಡಿದರೂ ದಬ್ ದಬ್ ದಬ್. ಇಷ್ಟು ಚೆಂದದ ಹೆಣವನ್ನು ಅವನು ಕಂಡೇ ಇರಲಿಲ್ಲ.

"ಎರಡು ವರ್ಷದ ದೋಣಿ ಸ್ವಾಮಿ ಇದು!" ದಲ್ಲಾಳಿ ಕೋಟು ಒರೆಸಿಕೊಳ್ಳುವುದನ್ನೂ ಮರೆತಿದ್ದ. "ತೇವ ನೋಡೋ ಯಂತ್ರ ಕಾರಲ್ಲೇ ಇದೆ. ಇಟ್ಟು ನೋಡೋಣ್ವಾ?"

"ಯಂತ್ರ ಕಿವಿ ಇಲ್ಲದವರಿಗೆ! ಹೊಳಪು ಹಚ್ಚಿ ಹೆಣ ಮಾರೋಕೆ ಬಂದಿದ್ದೀಯಲ್ಲಯ್ಯಾ, ನಾಚಿಕೆ ಆಗಲ್ವಾ? ನಡುನೀರಲ್ಲಿ ಇದು ಬಾಯಿ ಬಿಟ್ರೆ ಆ ಮಕ್ಕಳು ನಿನ್ನ ಕೋಟು ಹಿಡ್ಕೊಂಡು ತೇಲ್ಬೇಕಾ?"

ಬೈಯುತ್ತಲೇ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ದೋಣಿಯ ನೀಲಿ ಮೈಮೇಲೆ ಒಂದೇ ಒಂದು ಗುರುತಿಲ್ಲ. ಗುರುತು ಹಾಕಬೇಕಾಗಿದ್ದ ಮಗಳು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಿದ್ದಳು. ಅಪ್ಪನ ಜೊತೆ ಕೆಲಸಕ್ಕೆ ಬರತೊಡಗಿ ಅವಳಿಗಿನ್ನೂ ಒಂದು ವಾರ.

"ನಿಂತಲ್ಲೇ ನಿದ್ದೆ ಮಾಡ್ತಿದ್ದೀಯೇನೇ? ಎಲ್ಲಿ ಗುರುತು?"

"ಎಲ್ಲಿ ಅಂತ ಹಾಕ್ಲಿ ಅಪ್ಪ? ಎಲ್ಲಾ ಕಡೆ ಟಣ್ ಅಂತಿದೆ."

"ಓಹೋ! ಈ ಕೋಟಿನವನ ಕಡೆ ಸೇರ್ಕೊಂಡ್ಯಾ?"

ಮಗಳು ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. "ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊ ಅಪ್ಪ. ಬಡಿತೀನಿ, ಹೇಳು."

ತಿರುಗಿ ನಿಂತ. ದಬ್. "ಸತ್ತಿದೆ." ಮತ್ತೆ ದಬ್. "ಅದೂ ಸತ್ತಿದೆ! ಸಾಕಾ, ಇನ್ನೂ ಬೇಕಾ?"

ಅಂಗಳದ ಆ ತುದಿಯಲ್ಲಿ ಬಣ್ಣ ಬಳಿಯುತ್ತಿದ್ದವನು ಕೆಲಸ ನಿಲ್ಲಿಸಿ ಈ ಕಡೆ ನೋಡಿದ. ಅಷ್ಟು ದೂರ ಇದ್ದವನಿಗೆ ಅಂಥದ್ದೇನು ಕೇಳಿಸಿತು? ಸುತ್ತಿಗೆ ಮಾವ ಗಕ್ಕನೆ ತಿರುಗಿದ. ಮಗಳ ಕೈಯ ಸುತ್ತಿಗೆ ದೋಣಿಯ ಮೇಲಿರಲಿಲ್ಲ. ಕಬ್ಬಿಣದ ಕಾಲಿನ ಮೇಲಿತ್ತು.

ಸುತ್ತಿಗೆ ಕಿತ್ತುಕೊಂಡು ತಾನೇ ಕಬ್ಬಿಣಕ್ಕೆ ಬಾರಿಸಿದ. ದಬ್. ಇದ್ದಬದ್ದ ಬಲ ಬಿಟ್ಟು ಬಾರಿಸಿದ. ದಲ್ಲಾಳಿ ಎರಡೂ ಕಿವಿ ಮುಚ್ಚಿಕೊಂಡ. ಸುತ್ತಿಗೆ ಮಾವನಿಗೆ ಮಾತ್ರ ಅದೇ ದಬ್. ಬಾಗಿಲ ಗಂಟೆ ಕೆಟ್ಟಿದೆಯೆಂದು ಆರು ತಿಂಗಳಲ್ಲಿ ಎರಡು ಸಲ ಹೊಸದು ಹಾಕಿಸಿದ್ದು ನೆನಪಾಯಿತು. "ಮಾತಾಡಿದ್ದಕ್ಕೆಲ್ಲ ಬರೀ ಹೂಂ ಹೂಂ ಅಂತೀರಿ" ಎಂದು ಹೆಂಡತಿ ರೇಗಿದ್ದು ನೆನಪಾಯಿತು.

"ನಿನ್ನ ಯಂತ್ರ ತಗೊಂಡ್ಬಾರಯ್ಯಾ" ಎಂದು ದಲ್ಲಾಳಿಗೆ ಹೇಳಿದ. ಮಗಳ ಕಡೆ ತಿರುಗಿ, "ಡಾಕ್ಟರಮ್ಮನಿಗೆ ಹೇಳು, ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ ಅಂತ" ಎನ್ನುತ್ತಿದ್ದಂತೆ ಅವನಿಗೆ ಏನೋ ಹೊಳೆಯಿತು. ಸುತ್ತಿಗೆ ಅಲ್ಲೇ ಎಸೆದು ಶೆಡ್ಡಿನ ಹಿಂದಕ್ಕೆ ಓಡಿದ.

ಹೋದ ತಿಂಗಳು ಕೊಯ್ದ ದೋಣಿಯ ತುಂಡುಗಳು ಅಲ್ಲೇ ಬಿದ್ದಿದ್ದವು. ಅದರಲ್ಲೊಂದನ್ನು ಬೆಂಚು ಮಾಡಿಕೊಂಡು ಅಣ್ಣ ಟೀ ಕುಡಿಯುತ್ತಿದ್ದ. ಸುತ್ತಿಗೆ ಮಾವ ಮಂಡಿಯೂರಿ ಕೊಯ್ದ ಅಂಚನ್ನು ನೋಡಿದ. ತೆಂಗಿನಕಾಯಿ ಹೋಳಿನ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಇತ್ತು. ಉಗುರಿನಿಂದ ಕೆರೆದ. ಒಂದು ಚೂರೂ ಉದುರಲಿಲ್ಲ.

"ಅಣ್ಣಾ! ಇದು ಕೊಳೆತೇ ಇರ್ಲಿಲ್ಲ!"

"ಗೊತ್ತು. ಮೊದಲ್ನೇ ಕೊಯ್ತಕ್ಕೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕಣ್ಣಾ ಬಾಯಿ ಬಿಡ್ಲಿಲ್ಲ?"

ಅಣ್ಣ ಲೋಟ ಕೆಳಗಿಟ್ಟು, ತಮ್ಮನ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ. "ಬಿಟ್ಟೆನಲ್ಲೋ. ಗರಗಸ ನಿಲ್ಲಿಸಿ, ನಿನ್ನ ಬೆನ್ನ ಹಿಂದೆ ಬಂದು, 'ಒಳಗೆಲ್ಲ ಬೆಳ್ಳಗಿದೆ ಕಣೋ, ಆದ್ರೂ ಕೊಯ್ಲಾ' ಅಂತ ಕೇಳ್ದೆ. ನೀನು ಹೂಂ ಅಂತ ತಲೆ ಆಡಿಸ್ದೆ."

ಸುತ್ತಿಗೆ ಮಾವನ ತಲೆ, ಅವನನ್ನು ಕೇಳದೆಯೇ, ಇನ್ನೊಮ್ಮೆ ಹಾಗೇ ಆಡಿತು.