ಮಬ್ಬೇ ಇರಲಿ ಎಂದವನು

ಗಂಡನ ಮುಖ ಮತ್ತೆ ಮಬ್ಬಾಯಿತು. ಚಿಕ್ಕಮಾದಮ್ಮ ಸೆರಗಿನಿಂದ ಲ್ಯಾಪ್‌ಟಾಪಿನ ಪರದೆ ಒರೆಸಿದಳು. ಕಾಡಿಗೆ ಸೌದೆಗೆಂದು ಹೋಗಿ, ಅರಣ್ಯ ಇಲಾಖೆಯವರ ಕೈಗೆ ಸಿಕ್ಕಿ ಜೈಲು ಸೇರಿದ್ದ ನಟರಾಜುವನ್ನು ಅವಳು ರಾಮಾಪುರದ ಈ ಕಂಪ್ಯೂಟರ್ ಅಂಗಡಿಯ ವಿಡಿಯೋ ಕಾಲಿನಲ್ಲಿ ಇವತ್ತೇ ಮೊದಲು ನೋಡುತ್ತಿದ್ದಳು.

"ಕತ್ಲೆಲಿ ಮಡಗವ್ರಾ ನಿನ್ನ? ಒಡುದ್ರಾ?"

"ಇಲ್ಲ ಕಣಮ್ಮಿ, ಚೆಂದಾಗಿವ್ನಿ."

"ಮಾದಪ್ಪನಾಣೆ ಯೋಳು."

"ಅದಕ್ಕೆಲ್ಲಾ ಆಣೆ ಯಾಕಮ್ಮಿ..."

"ಕತ್ಲೆ ಆಗಿರದು ಅಣ್ಣನ ತಾವಲ್ಲಕ್ಕ, ಇಲ್ಲಿ," ಎಂದಳು ಅಂಗಡಿಯ ನಾಗಶ್ರೀ. "ಕರೆಂಟ್ ಓಗ್ಬುಟ್ಟದೆ. ಬ್ಯಾಟ್ರಿ ಉಳ್ಸಕೆ ಇದೇ ಮಬ್ಬಾಯ್ತದೆ. ಇರು, ಸರಿ ಮಾಡ್ತೀನಿ." ಪವರ್ ಸೆಟ್ಟಿಂಗ್ ತೆರೆದು, ಪರದೆ ತಾನಾಗಿ ಮಬ್ಬಾಗದಂತೆ ಮಾಡಿ, ಬೆಳಕನ್ನು ಪೂರ್ತಿ ಏರಿಸಿದಳು.

ನಟರಾಜುವಿನ ಎಡಗಣ್ಣು ಬದನೆಕಾಯಿಯಂತೆ ಊದಿ ಮುಚ್ಚಿಕೊಂಡಿತ್ತು. ತುಟಿ ಸೀಳಿತ್ತು. ತನ್ನ ಗಾಯ ಕಂಡಿತೆಂದು ಹೆಂಡತಿಯ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಅಂಗೈಯಿಂದ ಮುಖ ಮುಚ್ಚಿಕೊಂಡ.

"ನೋಡ್ಬ್ಯಾಡ ಕಣಮ್ಮಿ. ಮಬ್ಬೇ ಇರ್ಲಿ ಅನ್ನು ಆ ಉಡುಗಿಗೆ. ಜನ ನೋಡುದ್ರೆ ಮಾನ ಓಯ್ತದೆ."

"ಮಾನ ಓಗ್ಬೇಕಾದ್ದು ನಿಂದಾ? ಕೈ ತಗಿ!"

ಅವನು ನಿಧಾನವಾಗಿ ಕೈ ಇಳಿಸಿದ. ಚಿಕ್ಕಮಾದಮ್ಮ ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡು ಬಾಗಿಲಿಗೆ ಬಂದಳು. ಹೊರಗೆ ಬಸ್ಸಿಗೆ ಕಾಯುತ್ತಿದ್ದವರ ಕಡೆಗೆ ಆ ಮುಖವನ್ನು ತಿರುಗಿಸಿ ಹಿಡಿದಳು.