ಎಡಗೈಯ ಲೈಸೆನ್ಸ್

ಬಲಗೈಯ ನಂಬರು ಮುಗಿದು, ಎಡಗೈಯ ಮೊದಲ ಎರಡು ಅಂಕಿಗಳನ್ನೂ ಒತ್ತಿಯಾಗಿತ್ತು. ಪ್ರಮೀಳಾ ಒದ್ದೆ ಟವೆಲ್ ಕಚ್ಚಿಕೊಂಡು ಅಡುಗೆಮನೆಯ ಕಟ್ಟೆಯ ಮೇಲೆ ಕೈ ಚಾಚಿದ್ದಳು. ಗಂಡ ದಯಾಕರ ಗ್ಯಾಸ್ ಒಲೆಯಲ್ಲಿ ಮುಂದಿನ ಅಂಕಿಯ ಅಚ್ಚನ್ನು ಕೆಂಪಗೆ ಕಾಯಿಸುತ್ತಿದ್ದ.

ಪ್ರಮೀಳಾಳಂತೆ ದ್ವೀಪದೇಶಕ್ಕೆ ಹಾರುವ ಪೈಲಟ್‌ಗಳ ಲೈಸೆನ್ಸ್ ಇರುವುದು ಮೈಮೇಲೆಯೇ. ಬಲಗೈಯಲ್ಲಿ ಸ್ವದೇಶದ್ದು, ಎಡಗೈಯಲ್ಲಿ, ಅದೇ ನಂಬರಿನ ಆಧಾರದ ಮೇಲೆ ದ್ವೀಪದೇಶ ಕೊಟ್ಟದ್ದು. ಇಲ್ಲಿಯ ಸರ್ಕಾರ ನಂಬರು ಬದಲಿಸಿದಾಗಲೆಲ್ಲ ಎರಡನ್ನೂ ಸುಟ್ಟು ಹೊಸದಾಗಿ ಒತ್ತಬೇಕು. ಹೋದ ವಾರ ಗೆಳತಿ ಐರಿನ್ ಬಲಗೈಯದನ್ನು ಮಾತ್ರ ಬದಲಿಸಿಕೊಂಡು ಹಾರಿದ್ದಳು. ಎರಡು ಕೈಗಳ ನಂಬರು ತಾಳೆಯಾಗಲಿಲ್ಲವೆಂದು ದ್ವೀಪದ ಫಿರಂಗಿಗಳು ಅವಳ ವಿಮಾನವನ್ನು ಸಮುದ್ರದ ಮೇಲೆಯೇ ಚೂರು ಮಾಡಿದವು.

"ಅಲುಗಾಡ್ಬೇಡ ಮಾರಾಯ್ತಿ. ಏಳು ಹೋಗಿ ಒಂದಾದ್ರೆ ನಿನ್ನನ್ನೂ ಹೊಡೆದು ಹಾಕ್ತಾರೆ," ಎಂದು ನಗುತ್ತ ದಯಾಕರ ಅಚ್ಚನ್ನು ಒತ್ತಿದ. ಚರ್ಮ ಚುಯ್ ಎಂದಿತು. ಮೂರು ಎಣಿಸಿ ತೆಗೆಯಬೇಕು. ಅವನು ಐದು ಎಣಿಸಿದ. ಪ್ರತಿ ಸಲವೂ ಹಾಗೆಯೇ.

"ಮೂರಕ್ಕೆ ತೆಗೀಬೇಕು ಅಲ್ವಾ ನೀವು?" ಟವೆಲ್ ಉಗುಳಿ ಅವಳು ಕೇಳಿದಳು.

"ಗಟ್ಟಿ ಕೂರ್ಲಿ ಅಂತ. ನಿನ್ನ ಒಳ್ಳೇದಕ್ಕೇ. ಇನ್ನು ಎರಡೇ ಉಂಟು."

ದ್ವೀಪದಲ್ಲಿ ಆರು ತಿಂಗಳು ಇದ್ದು ಅವರದೇ ಪರೀಕ್ಷೆ ಪಾಸಾದರೆ ಸ್ವಂತ ಲೈಸೆನ್ಸ್ ಸಿಗುತ್ತದೆ. ಅದಕ್ಕೆ ಇಲ್ಲಿಯ ನಂಬರಿನ ಹಂಗಿಲ್ಲ. ಮನೆ ಬಿಟ್ಟು ಅಷ್ಟು ದಿನ ಹೇಗಿರುವುದೆಂದು ಒಂಬತ್ತು ವರ್ಷ ಅವಳೇ ಮುಂದೂಡಿದ್ದಳು.

ದಯಾಕರ ಮುಂದಿನ ಅಚ್ಚು ಎತ್ತಿಕೊಂಡ. "ಸಂಜೆಗೆ ವಾಪಸ್ ಬರ್ತಿಯಲ್ಲ? ಬಂಗುಡೆ ಮೀನು ತಂದಿಡ್ತೇನೆ."

ಈ ಸಲ ಹೋದರೆ ಪರೀಕ್ಷೆ ಪಾಸಾಗದೆ ಮರಳುವುದಿಲ್ಲವೆಂದು ಅವಳು ಒಳಗೇ ನಿಶ್ಚಯಿಸಿಕೊಂಡಳು.

"ತಂದಿಡಿ," ಎಂದು ಟವೆಲ್ ಕಚ್ಚಿ, ಕೈಯನ್ನು ಮತ್ತೆ ಅವನ ಮುಂದೆ ಚಾಚಿದಳು.